ಫಿಸಿಕ್ಸೋ ಮ್ಯಾಥ್ಸೋ: ಓದುಗರ ಪ್ರಶ್ನೆ, ಮೇಡಂ ಉತ್ತರ

ಪಿಯು ರಿಸಲ್ಟ್ ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ವರಸೆಯೇ ಬದಲಾಗುತ್ತದೆ. ಅಲ್ಲಿಯವರೆಗೆ ಪರೀಕ್ಷೆ ಭಯ, ನಿದ್ದೆ, ಮರೆವು. ಆಮೇಲೆ ಒಂದೇ ಮಾತು: ಏನು ಓದಲಿ? ಈ ಸಲ ಬಿ.ಎಸ್ಸಿ ಬಗ್ಗೆ ಬಂದ ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ನಾನು ಸರ್ಕಾರಿ ಪದವಿ ಕಾಲೇಜುಗಳಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತಳಾದವಳು. ನಮ್ಮನೆಯವರು ಮ್ಯಾಥ್ಸ್ ಮೇಷ್ಟ್ರು. ನಾನು ನನ್ನ ವಿಷಯದ ಕಡೆ ಜಾಸ್ತಿ ವಾಲಿದರೆ ತಿದ್ದುವವರು ಮನೆಯಲ್ಲೇ ಇದ್ದಾರೆ. ಈ ಉತ್ತರಗಳನ್ನೂ ಓದಿ ಎರಡು ಕಡೆ ಪೆನ್ಸಿಲ್ ಗೀಟು ಹಾಕಿದ್ದಾರೆ. ಒಂದನ್ನು ಒಪ್ಪಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ಸೆಕೆಂಡ್ ಪಿಯುಸಿಯಲ್ಲಿ ಮ್ಯಾಥ್ಸ್ 97, ಫಿಸಿಕ್ಸ್ 88. ಎಂಜಿನಿಯರಿಂಗ್ ಬೇಡ ಅಂತ ಮನೆಯಲ್ಲಿ ಹೇಗೋ ಒಪ್ಪಿಸಿದ್ದೇನೆ. ಇಷ್ಟ ಇರೋದು ಫಿಸಿಕ್ಸ್. ಮಾರ್ಕ್ಸ್ ಬಂದಿರೋದು ಮ್ಯಾಥ್ಸಿನಲ್ಲಿ. ಯಾವುದು ತಗೊಳ್ಳಲಿ? ಫಸ್ಟ್ ಇಯರಿನಲ್ಲಿ ಯಾವುದರ ಹೊರೆ ಜಾಸ್ತಿ? ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು.

ಉತ್ತರ: ನೋಡಮ್ಮ, ಮೊದಲು ಒಂದು ಸಮಾಧಾನದ ಮಾತು. ನೀನು ಈಗಲೇ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ, ಮೂರು ಮುಖ್ಯ ವಿಷಯಗಳ ಪದ್ಧತಿ ಬಂದಿದೆ. ಪಿಸಿಎಂ ತಗೊಂಡರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ಕೆಮಿಸ್ಟ್ರಿ ಬೇಡ ಅಂದರೆ ಅದರ ಜಾಗದಲ್ಲಿ ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್. ಕೆಲವು ಕಡೆ ಎಲೆಕ್ಟ್ರಾನಿಕ್ಸ್. ಎರಡೂ ವಿಷಯ ನಿನ್ನ ಜೊತೆಗೇ ಇರುತ್ತವೆ. ಯಾವುದು ನಿನ್ನದು ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಎಂ.ಎಸ್ಸಿ ಅರ್ಜಿ ಹಾಕುವಾಗ. ಅಷ್ಟರಲ್ಲಿ ಉತ್ತರ ತಾನಾಗಿ ಬಂದಿರುತ್ತದೆ.

ಆದರೆ ಒಂದು ಎಚ್ಚರ. ಕೆಮಿಸ್ಟ್ರಿ, ಬಾಟನಿ, ಝೂವಾಲಜಿ ತಗೊಂಡು ಮ್ಯಾಥ್ಸ್ ಬಿಟ್ಟರೆ ಆಮೇಲೆ ಫಿಸಿಕ್ಸಿಗೂ ಬರಲಾಗದು, ಮ್ಯಾಥ್ಸಿಗೂ ಬರಲಾಗದು. ಫಿಸಿಕ್ಸ್ ಬಿಟ್ಟು ಮ್ಯಾಥ್ಸ್, ಸ್ಟಾಟಿಸ್ಟಿಕ್ಸ್, ಕಂಪ್ಯೂಟರ್ ಸೈನ್ಸ್ ತಗೊಂಡವರು ಚೆನ್ನಾಗಿಯೇ ಬದುಕಿದ್ದಾರೆ. ಮ್ಯಾಥ್ಸ್ ಬಿಟ್ಟು ಫಿಸಿಕ್ಸ್ ಹಿಡಿದವರು ಮೂರನೇ ಸೆಮಿಸ್ಟರಿನಲ್ಲಿ ನನ್ನ ರೂಮಿಗೆ ಬಂದು ಅತ್ತಿದ್ದಾರೆ. ಯಾವುದನ್ನು ಬಿಟ್ಟರೂ ಮ್ಯಾಥ್ಸ್ ಬಿಡಬೇಡ. ಫಿಸಿಕ್ಸ್ ಮೇಡಂ ಹೇಳ್ತಿದ್ದೇನೆ, ನಂಬು.

ಈಗ ಮಾರ್ಕ್ಸ್ ವಿಷಯ. ನಿನ್ನ 97ಕ್ಕೆ ಶಭಾಷ್. ಆದರೆ ಅದು ಡಿಗ್ರಿ ಮ್ಯಾಥ್ಸ್ ಬಗ್ಗೆ ಹೇಳೋದು ಕಡಿಮೆ. ಪಿಯು ಮ್ಯಾಥ್ಸಿನಲ್ಲಿ ಮಾದರಿ ಲೆಕ್ಕ ಗೊತ್ತಿದ್ದು, ಕೈ ಬೇಗ ಓಡಿ, ಪ್ಲಸ್ಸು ಮೈನಸ್ಸು ತಪ್ಪದಿದ್ದರೆ ಮಾರ್ಕ್ಸ್ ಬರುತ್ತವೆ. ಡಿಗ್ರಿಯಲ್ಲಿ ಅದೇ ಲೆಕ್ಕವನ್ನು ಇಟ್ಟುಕೊಂಡು 'ಇದು ಯಾಕೆ ಸರಿ?' ಅಂತ ಕೇಳ್ತಾರೆ. ಒಂದು ಉದಾಹರಣೆ ತಗೋ. ಎಕ್ಸ್ ಎರಡರ ಹತ್ತಿರ ಹೋದಾಗ ಎಕ್ಸ್ ಸ್ಕ್ವೇರ್ ನಾಲ್ಕರ ಹತ್ತಿರ ಹೋಗುತ್ತದೆ. ಪಿಯುನಲ್ಲಿ ಇದು ಒಂದು ಸಾಲು. ಎರಡು ಹಾಕಿದೆ, ನಾಲ್ಕು ಬಂತು, ಮುಗೀತು.

ಡಿಗ್ರಿಗೆ ಬಂದ ಮೇಲೆ ಮೇಷ್ಟ್ರು ಹೀಗೆ ಕೇಳ್ತಾರೆ: ಉತ್ತರ 4ರಿಂದ 0.01ಕ್ಕಿಂತ ದೂರ ಹೋಗಬಾರದು. ಹಾಗಾದರೆ ಎಕ್ಸ್ 2ಕ್ಕೆ ಎಷ್ಟು ಹತ್ತಿರ ಇದ್ದರೆ ಸಾಕು? ಎಕ್ಸ್ ಸ್ಕ್ವೇರ್ ಮೈನಸ್ 4 ಅಂದರೆ ಎಕ್ಸ್ ಮೈನಸ್ 2 ಇಂಟು ಎಕ್ಸ್ ಪ್ಲಸ್ 2. ಎಕ್ಸ್ 1ಕ್ಕೂ 3ಕ್ಕೂ ನಡುವೆ ಇದ್ದರೆ ಎಕ್ಸ್ ಪ್ಲಸ್ 2 ಐದನ್ನು ದಾಟಲ್ಲ. ಹಾಗಾಗಿ ಎಕ್ಸ್ 2ರಿಂದ 0.002ಕ್ಕಿಂತ ಕಡಿಮೆ ದೂರದಲ್ಲಿದ್ದರೆ ಸಾಕು. 0.01ರ ಬದಲು ಯಾರು ಎಷ್ಟೇ ಸಣ್ಣ ಸಂಖ್ಯೆ ಕೊಡಲಿ, ಐದರಿಂದ ಭಾಗಿಸಿ ಕೊಟ್ಟುಬಿಡಬಹುದು. ಎಪ್ಸಿಲಾನ್, ಡೆಲ್ಟಾ ಅಂತ ಹೆದರಿಸುವ ಸಂಗತಿ ಇಷ್ಟೇ. ಆದರೆ ಆ ಐದು ಎಲ್ಲಿಂದ ಬಂತು, ಎಕ್ಸನ್ನು 1 ಮತ್ತು 3ರ ನಡುವೆ ಕಟ್ಟಿಹಾಕಲು ನಮಗೆ ಯಾರು ಅಪ್ಪಣೆ ಕೊಟ್ಟರು ಅಂತ ತಲೆಗೆ ಹೋಗುವಷ್ಟರಲ್ಲಿ ಒಂದು ಸಂಜೆ ಹೋಗುತ್ತದೆ. ನೋಟ್ಸಿನಲ್ಲಿ ಇದು ಆರು ಸಾಲು. ಮನೆಯವರಿಗೆ ನೀನು ಸುಮ್ನೆ ಕೂತಿರುವ ಹಾಗೆ ಕಾಣಿಸುತ್ತೆ.

ಮ್ಯಾಥ್ಸಿನ ಹೊರೆ ಇಂಥದ್ದು. ಟೈಮ್‌ಟೇಬಲಿನಲ್ಲಿ ಕಾಣಲ್ಲ.

ಫಿಸಿಕ್ಸಿನ ಹೊರೆ ಮಾತ್ರ ಟೈಮ್‌ಟೇಬಲಿನಲ್ಲೇ ಇದೆ, ಅದೂ ಹೆಚ್ಚಾಗಿ ಮಧ್ಯಾಹ್ನದ ಲ್ಯಾಬ್ ರೂಪದಲ್ಲಿ. ವಾರಕ್ಕೆ ಒಂದು ದಿನ ಮೂರು ನಾಲ್ಕು ಗಂಟೆ ನಿಂತೇ ಇರಬೇಕು. ಮೊದಲ ವರ್ಷ ಎಲ್ಲಾ ಕಡೆ ಇರುವ ಪ್ರಯೋಗ ಬಾರ್ ಪೆಂಡುಲಮ್. ಉದ್ದಕ್ಕೂ ತೂತುಗಳಿರುವ ಒಂದು ಕಬ್ಬಿಣದ ಪಟ್ಟಿ. ಒಂದೊಂದು ತೂತಿನಲ್ಲಿ ತೂಗುಹಾಕಿ, ತೂಗಲು ಬಿಟ್ಟು, ಇಪ್ಪತ್ತು ಆಂದೋಲನಕ್ಕೆ ಎಷ್ಟು ಸಮಯ ಅಂತ ಅಳೆಯಬೇಕು. ಒಂದು ತೂತಿಗೆ ಎರಡು ಸಲ. ಒಂದು ತುದಿ ಮುಗಿದ ಮೇಲೆ ಪಟ್ಟಿ ತಿರುಗಿಸಿ ಇನ್ನೊಂದು ತುದಿ. ಆಮೇಲೆ ಗ್ರಾಫ್. ಶೀಟಿನಲ್ಲಿ ಅಕ್ಕಪಕ್ಕ ಎರಡು ಬಾಗಿದ ಗೆರೆ ಬರುತ್ತವೆ. ಅಡ್ಡಗೆರೆ ಎಳೆದರೆ ನಾಲ್ಕು ಕಡೆ ಕತ್ತರಿಸುತ್ತದೆ. ಅದರಿಂದ ಉದ್ದ, ಉದ್ದದಿಂದ ಗುರುತ್ವದ ಜಿ.

ಇಪ್ಪತ್ತು ಆಂದೋಲನಕ್ಕೆ ಸುಮಾರು 32 ಸೆಕೆಂಡ್ ಹಿಡಿಯುತ್ತೆ ಅಂತಿಟ್ಟುಕೋ. ಸ್ಟಾಪ್‌ವಾಚ್ ಒತ್ತುವಾಗ ನಿನ್ನ ಬೆರಳು 0.2 ಸೆಕೆಂಡ್ ಹಿಂದೆ ಮುಂದೆ ಆಯಿತು. ದೊಡ್ಡದೇನಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಲೆಕ್ಕದಲ್ಲಿ ಸಮಯದ ವರ್ಗ ಇರುವುದರಿಂದ ಜಿ ಶೇಕಡಾ ಒಂದಕ್ಕಿಂತ ಜಾಸ್ತಿ ಅಲ್ಲಾಡುತ್ತದೆ. 9.78 ಬರಬೇಕಾದ್ದು 9.66 ಆಗಬಹುದು, 9.90 ಆಗಬಹುದು. 9.78 ಯಾಕೆ ಅಂದರೆ ಬೆಂಗಳೂರಿನಂಥ ಊರಿನಲ್ಲಿ ಜಿ ಅಷ್ಟೇ. ಸಮಭಾಜಕಕ್ಕೆ ಹತ್ತಿರ, ಮೇಲಾಗಿ ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಎತ್ತರ. ಪ್ರತಿ ವರ್ಷ ಅರ್ಧ ಕ್ಲಾಸಿನ ರೆಕಾರ್ಡ್ ಬುಕ್ಕಿನಲ್ಲಿ 9.80 ಅಂತಲೇ ಬರುತ್ತಿತ್ತು. ಪಿಯು ಪುಸ್ತಕದಲ್ಲಿ 9.8 ಅಂತ ಓದಿದ್ದಾರಲ್ಲ, ರೀಡಿಂಗನ್ನು ಅದಕ್ಕೆ ಅಡ್ಜಸ್ಟ್ ಮಾಡಿರುತ್ತಾರೆ. ನಾನು ಅಂಥವರನ್ನೇ ಮೊದಲು ವೈವಾಗೆ, ಅಂದರೆ ಬಾಯಿಮಾತಿನ ಪರೀಕ್ಷೆಗೆ, ಕರೆಯುತ್ತಿದ್ದೆ. 9.71 ಬರೆದು, ಎಲ್ಲಿ ತಪ್ಪಿರಬಹುದು ಅಂತ ಹೇಳುವ ಹುಡುಗಿಗೆ ಫಿಸಿಕ್ಸ್ ಹಿಡಿಸಿದೆ ಅಂತ ನನ್ನ ಲೆಕ್ಕ.

ಲ್ಯಾಬಿನಿಂದ ಮನೆಗೆ ಬಂದ ಮೇಲೆ ರೆಕಾರ್ಡ್ ಬರೆಯೋದು ಬೇರೆ. ಟೇಬಲ್, ಗ್ರಾಫ್, ಲೆಕ್ಕ. ಕೆಮಿಸ್ಟ್ರಿಯೂ ಇದ್ದರೆ ಅದರ ರೆಕಾರ್ಡ್ ಇನ್ನೊಂದು. ಮ್ಯಾಥ್ಸಿಗೂ ಈಗ ಕಂಪ್ಯೂಟರ್ ಲ್ಯಾಬ್ ಇದೆ. ಜೊತೆಗೆ ಭಾಷೆಯ ಕ್ಲಾಸುಗಳು. ಎಲ್ಲ ಸೇರಿ ಕಾಲೇಜಿನಲ್ಲೇ ವಾರಕ್ಕೆ ಮೂವತ್ತು ಗಂಟೆಯ ಆಸುಪಾಸು ಆಗುತ್ತದೆ. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಒಂದೆರಡು ಗಂಟೆ ಆಚೀಚೆ.

ನಿನ್ನ ಬಸ್ಸಿನ ವಿಷಯ ಇಲ್ಲೇ ಬರುತ್ತದೆ. ಶಕ್ತಿ ಯೋಜನೆಯಿಂದ ಟಿಕೆಟ್ ದುಡ್ಡು ಉಳಿಯಿತು. ಟೈಮ್ ಉಳಿಯಲ್ಲ. ಲ್ಯಾಬ್ ಬಿಡೋದು ನಾಲ್ಕೂವರೆಗೆ, ನಿಮ್ಮೂರಿನ ಬಸ್ಸು ನಾಲ್ಕೂಕಾಲಿಗೆ ಅಂದರೆ ಮುಂದಿನ ಬಸ್ಸಿಗೆ ಕಾಯಬೇಕು. ಕಾಲೇಜು ಆರಿಸುವ ಮೊದಲು ಅಲ್ಲಿನ ಸೀನಿಯರ್ ಒಬ್ಬಳನ್ನು ಹಿಡಿದು ಕೇಳು: ಲ್ಯಾಬ್ ಯಾವ ದಿನ, ಎಷ್ಟು ಹೊತ್ತಿಗೆ ಬಿಡ್ತಾರೆ, ಒಂದು ಸೆಟ್ಟಿಗೆ ಎಷ್ಟು ಜನ. ಒಂದೇ ಬಾರ್ ಪೆಂಡುಲಮ್ಮಿಗೆ ಐದು ಜನ ಇದ್ದರೆ ಒಬ್ಬರು ಅಳೆಯುತ್ತಾರೆ, ನಾಲ್ವರು ಕಾಪಿ ಮಾಡುತ್ತಾರೆ. ಪ್ರಾಸ್ಪೆಕ್ಟಸಿನಲ್ಲಿ ಇದೆಲ್ಲ ಇರಲ್ಲ. ಇನ್ನೊಂದು ಕೇಳು: ಈ ಕಾಂಬಿನೇಷನ್ ನಿಜವಾಗಿಯೂ ನಡೀತಿದೆಯಾ? ಐದಾರು ಜನ ಮಾತ್ರ ಸೇರಿದರೆ ಕಾಂಬಿನೇಷನ್ನೇ ನಿಲ್ಲಿಸಿ ಬೇರೆಯದಕ್ಕೆ ಹೋಗಿ ಅನ್ನುವ ಕಾಲೇಜುಗಳಿವೆ.

ಬಸ್ಸಿನಲ್ಲಿ ಕೂತು ರೆಕಾರ್ಡ್ ಬರೆಯಲಾಗಲ್ಲ, ಆದರೆ ಒಂದು ಥಿಯರಂ ಬಗ್ಗೆ ಯೋಚಿಸಬಹುದು. ಈ ಮಾತು ನಮ್ಮನೆಯವರದು. ಹಾಗೆ ಯೋಚಿಸ್ತಾ ಅವರು ಎರಡು ಸ್ಟಾಪ್ ಮುಂದೆ ಇಳಿದದ್ದೂ ಉಂಟು.

ಇಷ್ಟೆಲ್ಲ ಆದ ಮೇಲೂ 'ನನ್ನದು ಯಾವುದು' ಅಂತ ಗೊತ್ತಾಗದಿದ್ದರೆ ಗಾಬರಿ ಬೀಳಬೇಡ. ಹರೀಶ್‌ಚಂದ್ರ ಅಂತ ದೊಡ್ಡ ಗಣಿತಜ್ಞರಿದ್ದರು. ಅವರು ಅಲಹಾಬಾದಿನಲ್ಲಿ ಎಂ.ಎಸ್ಸಿ ಮಾಡಿದ್ದು ಫಿಸಿಕ್ಸ್. ಆಮೇಲೆ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಹೋಮಿ ಭಾಭಾ ಅವರ ಜೊತೆ ಕೆಲಸ ಮಾಡಿದರು. 1945ರಲ್ಲಿ ಕೇಂಬ್ರಿಡ್ಜಿಗೆ ಹೋಗಿ ಫಿಸಿಕ್ಸಿನ ದೊಡ್ಡ ವಿಜ್ಞಾನಿ ಡಿರಾಕ್ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದ್ದೂ ಫಿಸಿಕ್ಸಿನಲ್ಲೇ. ಅಲ್ಲಿ ಅವರು ಫ್ರೀಮನ್ ಡೈಸನ್ ಅನ್ನುವ ಗೆಳೆಯರಿಗೆ, ಫಿಸಿಕ್ಸ್ ಅಂದರೆ ಬರೀ ಗೋಜಲು, ಕಟ್ಟುನಿಟ್ಟಿಲ್ಲ, ಬಿಟ್ಟು ಮ್ಯಾಥ್ಸಿಗೆ ಹೋಗ್ತೇನೆ ಅಂದರಂತೆ. ಡೈಸನ್, ನಾನು ಅದೇ ಕಾರಣಕ್ಕೆ ಮ್ಯಾಥ್ಸ್ ಬಿಟ್ಟು ಫಿಸಿಕ್ಸಿಗೆ ಹೋಗ್ತಿದ್ದೇನೆ ಅಂದರಂತೆ. ಇಬ್ಬರೂ ಹೇಳಿದ ಹಾಗೆಯೇ ಮಾಡಿದರು. ಪಿಎಚ್‌ಡಿ ಹೊತ್ತಿಗೂ ಬದಲಾಯಿಸಬಹುದು ಅಂದ ಮೇಲೆ ಜೂನ್ ತಿಂಗಳಲ್ಲಿ ಅರ್ಜಿ ಹಿಡಿದು ನಿದ್ದೆಗೆಡುವ ಅಗತ್ಯ ಇಲ್ಲ.

ರಜೆಯಲ್ಲಿ ಒಂದು ಕೆಲಸ ಮಾಡಿ ನೋಡು. ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಟ್ಟು, ಫೋನಿನ ಸ್ಟಾಪ್‌ವಾಚಿನಲ್ಲಿ ಅಳೆದು ಜಿ ಕಂಡುಹಿಡಿ. ಇನ್ನೊಂದು ದಿನ, ಎರಡರ ವರ್ಗಮೂಲವನ್ನು ಭಿನ್ನರಾಶಿಯಾಗಿ ಬರೆಯಲು ಸಾಧ್ಯವಿಲ್ಲ ಅನ್ನುವುದನ್ನು ಪುಸ್ತಕ ಮುಚ್ಚಿಟ್ಟು ನೀನೇ ಸಾಧಿಸು. ಹತ್ತನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೀಯ, ಈಗ ಅರ್ಥ ಮಾಡಿಕೊಂಡು ಮಾಡು. ಯಾವ ಕೆಲಸದಲ್ಲಿ ಊಟಕ್ಕೆ ಕರೆದದ್ದು ಕೇಳಿಸಲಿಲ್ಲ ಅಂತ ಗಮನಿಸು.

ಪ್ರಶ್ನೆ: ಮಗಳು ಬಿ.ಎಸ್ಸಿ ಮ್ಯಾಥ್ಸ್ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನನ್ನದು ತಿಪಟೂರಿನಲ್ಲಿ ಸಣ್ಣ ಕಿರಾಣಿ ಅಂಗಡಿ. ಓದಿದ ಮೇಲೆ ಕೆಲಸ ಎಲ್ಲಿದೆ? ಫಿಸಿಕ್ಸ್ ಆದರೆ ಇಸ್ರೋ ಅಂತಾದರೂ ಹೇಳಬಹುದು.

ಉತ್ತರ: ಸ್ವಾಮಿ, ಇಸ್ರೋ ಮಾತು ಬಿಡಿ. ಅಲ್ಲಿಗೆ ಜಾಸ್ತಿ ತಗೊಳ್ಳೋದು ಎಂಜಿನಿಯರುಗಳನ್ನು. ಬರೀ ಬಿ.ಎಸ್ಸಿ ಫಿಸಿಕ್ಸ್ ಹಿಡಿದು ವಿಜ್ಞಾನಿಯಾಗಿ ಒಳಗೆ ಹೋಗೋದು ಆಗದ ಮಾತು.

ಅಂಗಡಿ ಲೆಕ್ಕದ ಹಾಗೆ ನೇರವಾಗಿ ಹೇಳ್ತೇನೆ. ಮೂರು ವರ್ಷದ ಡಿಗ್ರಿಗೆ ನೇರವಾಗಿ ಸಿಗುವ ಕೆಲಸ ಎರಡಕ್ಕೂ ಕಡಿಮೆ. ಬ್ಯಾಂಕ್, ಕೆಎಎಸ್, ಎಸ್‌ಡಿಎ, ಎಫ್‌ಡಿಎ ಪರೀಕ್ಷೆಗಳಿಗೆ ಹೆಚ್ಚಾಗಿ ಯಾವ ವಿಷಯ ಅಂತ ಕೇಳಲ್ಲ. ಆದರೆ ಆ ಪರೀಕ್ಷೆಗಳಲ್ಲಿ ಲೆಕ್ಕ ಇರುತ್ತೆ, ನಿಮ್ಮ ಮಗಳಿಗೆ ಅಲ್ಲಿ ಭಯ ಇರಲ್ಲ. ಹವಾಮಾನ ಇಲಾಖೆಯ ಸೈಂಟಿಫಿಕ್ ಅಸಿಸ್ಟೆಂಟ್ ಪರೀಕ್ಷೆಗೆ ಡಿಗ್ರಿಯಲ್ಲಿ ಫಿಸಿಕ್ಸ್ ಒಂದು ವಿಷಯವಾಗಿದ್ದರೆ ಅರ್ಜಿ ಹಾಕಬಹುದು. ಅದಕ್ಕೂ ನಾನು ಮೇಲಿನ ಹುಡುಗಿಗೆ ಎರಡೂ ಇಟ್ಟುಕೋ ಅಂದದ್ದು.

ಮೇಷ್ಟ್ರ ಕೆಲಸದ ದಾರಿ ಹೆಚ್ಚು ಖಚಿತ. ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಪಿಸಿಎಂ ಶಿಕ್ಷಕರು ಅಂತಲೇ ಹುದ್ದೆ ಇದೆ. ಬಿ.ಎಸ್ಸಿ ಮೂರು ವರ್ಷ, ಬಿ.ಎಡ್ ಎರಡು ವರ್ಷ, ಒಟ್ಟು ಐದು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಎರಡೂ ಸೇರಿದ ಕೋರ್ಸು ನಾಲ್ಕೇ ವರ್ಷಕ್ಕೆ ಮುಗಿಯುತ್ತದೆ. ಪ್ರವೇಶ ಪರೀಕ್ಷೆ ಬರೆಯಬೇಕು. ಮಗಳಿಗೆ ಪಾಠ ಮಾಡುವ ಆಸೆ ಇದ್ದರೆ ನಾನು ಮೊದಲು ಕಳಿಸೋದು ಅಲ್ಲಿಗೆ. ಪಿಯು ಲೆಕ್ಚರರ್ ಆಗಬೇಕಾದರೆ ಎಂ.ಎಸ್ಸಿ ಮೇಲೆ ಬಿ.ಎಡ್. ಡಿಗ್ರಿ ಕಾಲೇಜಿಗೆ ಎಂ.ಎಸ್ಸಿ ಜೊತೆ ಕೆ-ಸೆಟ್ ಅಥವಾ ನೆಟ್ ಅನ್ನುವ ಅರ್ಹತಾ ಪರೀಕ್ಷೆ. ಮುಚ್ಚಿಟ್ಟು ಪ್ರಯೋಜನ ಇಲ್ಲ, ಡಿಗ್ರಿ ಕಾಲೇಜುಗಳಲ್ಲಿ ಕಾಯಂ ನೇಮಕಾತಿ ತುಂಬಾ ನಿಧಾನ. ಎಲ್ಲ ಅರ್ಹತೆ ಇಟ್ಟುಕೊಂಡು ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿಯೇ ಉಳಿದವರು ನಮ್ಮ ಸ್ಟಾಫ್ ರೂಮಿನಲ್ಲೇ ಇದ್ದರು.

ಮ್ಯಾಥ್ಸ್ ಓದಿದವರಿಗೆ ಫಿಸಿಕ್ಸಿನವರಿಗಿಂತ ಜಾಸ್ತಿ ಇರುವ ಬಾಗಿಲು ಅಂದರೆ ಸ್ಟಾಟಿಸ್ಟಿಕ್ಸ್ ಮತ್ತು ಕಂಪ್ಯೂಟರ್. ಎಂಸಿಎ ಮಾಡಬಹುದು. ಎಂ.ಎಸ್ಸಿ ಸ್ಟಾಟಿಸ್ಟಿಕ್ಸ್ ಮಾಡಿ ಬ್ಯಾಂಕು, ಇನ್ಶೂರೆನ್ಸ್, ಔಷಧ ಕಂಪನಿಗಳ ಲೆಕ್ಕಾಚಾರದ ಕೆಲಸಕ್ಕೆ ಹೋದವರು ನಮ್ಮ ವಿದ್ಯಾರ್ಥಿಗಳಲ್ಲೇ ಇದ್ದಾರೆ. ಇನ್ಶೂರೆನ್ಸಿನಲ್ಲಿ ಆಕ್ಚುವರಿ ಅಂತ ಒಂದು ವೃತ್ತಿ ಇದೆ, ಅಪಾಯ ಎಷ್ಟು, ನಷ್ಟ ಎಷ್ಟು ಅಂತ ಲೆಕ್ಕ ಹಾಕುವ ಕೆಲಸ. ಸಿಎ ಥರ ಒಂದರ ಮೇಲೊಂದು ಪರೀಕ್ಷೆ ಬರೆಯುತ್ತಾ ಹೋಗಬೇಕು. ಕಷ್ಟ, ಆದರೆ ಅಂಗಡಿಯವರ ಮಗಳಿಗೆ ನಷ್ಟ, ಅಪಾಯ, ಬಡ್ಡಿ ಅನ್ನುವ ಮಾತು ಹೊಸದಲ್ಲ.

ಇನ್ನೊಂದು. ಸರ್ಕಾರಿ ಪದವಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಶುಲ್ಕ ವಿನಾಯಿತಿ ಇದೆ. ದುಬಾರಿ ಖಾಸಗಿ ಕಾಲೇಜಿಗೆ ಸಾಲ ಮಾಡಿ ಕಳಿಸಬೇಡಿ. ಬೋರ್ಡಿನ ಮೇಲೆ ಬರೆಯುವ ಮ್ಯಾಥ್ಸ್ ಎರಡೂ ಕಡೆ ಒಂದೇ. ಫಿಸಿಕ್ಸ್ ಆಗಿದ್ದರೆ ಮಾತ್ರ ಲ್ಯಾಬ್ ನೋಡಿ ಬನ್ನಿ ಅನ್ನುತ್ತಿದ್ದೆ.

ಪ್ರಶ್ನೆ: ಮೇಡಂ, ನಾನು ಫಸ್ಟ್ ಸೆಮ್, ಪಿಸಿಎಂ, ಮೈಸೂರು. ಪಿಯುನಲ್ಲಿ ಮ್ಯಾಥ್ಸ್ 92 ಇತ್ತು. ಮೊದಲ ಇಂಟರ್ನಲ್ಸಿನಲ್ಲಿ 20ಕ್ಕೆ 7 ಬಂದಿದೆ. ಫಿಸಿಕ್ಸ್ ಪರವಾಗಿಲ್ಲ, ಆದರೆ ರೆಕಾರ್ಡ್ ಮೂರು ಬಾಕಿ ಇದೆ. ನಾನು ತಪ್ಪು ಕೋರ್ಸಿಗೆ ಬಂದೆನಾ?

ಉತ್ತರ: ಇಲ್ಲಪ್ಪ. 20ಕ್ಕೆ 7 ನೋಡಿ ಕೋರ್ಸ್ ಬಿಡೋ ಹಾಗಿದ್ದರೆ ನಮ್ಮ ರಾಜ್ಯದಲ್ಲಿ ಮ್ಯಾಥ್ಸ್ ಓದಿದವರೇ ಸಿಗುತ್ತಿರಲಿಲ್ಲ.

ಮೊದಲ ಸೆಮ್‌ನಲ್ಲಿ ಎಲ್ಲರೂ ಮೋಸ ಹೋಗುವುದು ಹೀಗೆ. ಫಿಸಿಕ್ಸಿನಲ್ಲಿ ಮೆಕ್ಯಾನಿಕ್ಸ್ ಶುರುವಾಗುತ್ತದೆ. ನ್ಯೂಟನ್ ನಿಯಮ, ಘರ್ಷಣೆ, ತಿರುಗುವ ಚಕ್ರ. ಎಲ್ಲಾ ಕೇಳಿದ್ದೇ. ಹಾಗಾಗಿ ಪರವಾಗಿಲ್ಲ ಅನ್ನಿಸುತ್ತೆ. ತಿರುಗುವ ಚೌಕಟ್ಟು, ಕೋರಿಯೋಲಿಸ್ ಬಲ ಬಂದಾಗ ಕಾಲು ಜಾರುತ್ತದೆ. ಮ್ಯಾಥ್ಸಿನಲ್ಲಿ ಮೊದಲ ವಾರವೇ ಜಾರುತ್ತದೆ, ಅದಕ್ಕೆ ಅದು ದೊಡ್ಡದಾಗಿ ಕಾಣಿಸುತ್ತಿದೆ. ಎರಡೂ ಹತ್ತಿರ ಹತ್ತಿರ ಒಂದೇ ಕಷ್ಟ, ಬರುವ ಟೈಮು ಬೇರೆ.

ಮ್ಯಾಥ್ಸಿಗೆ ದಿನಾ ಒಂದು ಗಂಟೆ ಇಡು. ಭಾನುವಾರ ಏಳು ಗಂಟೆ ಕೂರ್ತೀನಿ ಅನ್ನೋದು ನಡೆಯಲ್ಲ. ಅವತ್ತು ಕ್ಲಾಸಿನಲ್ಲಿ ಆದ ಪ್ರೂಫನ್ನು ಅವತ್ತೇ ರಾತ್ರಿ ನೋಟ್ಸ್ ಮುಚ್ಚಿ ಬರೆ. ಎಲ್ಲಿ ನಿಲ್ಲುತ್ತೀಯೋ ಅಲ್ಲಿ ಗುರುತು ಹಾಕಿ, ಬೆಳಿಗ್ಗೆ ಮೇಷ್ಟ್ರನ್ನು ಕಾರಿಡಾರಿನಲ್ಲೇ ಹಿಡಿದು ಕೇಳು. 'ಸರ್, ಅರ್ಥ ಆಗಲಿಲ್ಲ' ಅಂತ ಕೇಳಬೇಡ, ಅದಕ್ಕೆ ಯಾರೂ ಉತ್ತರ ಕೊಡಲಾರರು. 'ಸರ್, ನಾಲ್ಕನೇ ಸಾಲಿನಿಂದ ಐದನೇ ಸಾಲಿಗೆ ಹೇಗೆ ಬಂತು' ಅಂತ ಕೇಳು.

ಲೈಬ್ನಿಟ್ಸ್ ಸೂತ್ರ ಬಳಸಿ ಎನ್-ನೇ ಡಿರೈವೇಟಿವ್, ಮ್ಯಾಟ್ರಿಕ್ಸ್ ರ್‍ಯಾಂಕ್, ಕೇಲಿ-ಹ್ಯಾಮಿಲ್ಟನ್ ಲೆಕ್ಕಗಳಿಗೆ ಕೈ ಓಡಬೇಕು, ಅಷ್ಟೇ. ಅಭ್ಯಾಸ ಮಾಡಿದರೆ ಮಾರ್ಕ್ಸ್ ಕಟ್ಟಿಟ್ಟ ಬುತ್ತಿ. ಅಲ್ಲಿಂದ ಪಾಸಿನ ಭಯ ಹೋಗಲಿ. ಪ್ರೂಫುಗಳು ಆಮೇಲೆ ನಿಧಾನಕ್ಕೆ ಬರುತ್ತವೆ.

ರೆಕಾರ್ಡ್ ಬಾಕಿ ಇಟ್ಟಿದ್ದಕ್ಕೆ ಮಾತ್ರ ಬೈಗುಳ. ಲ್ಯಾಬಿನಿಂದ ಹೊರಡುವ ಮೊದಲೇ ಗ್ರಾಫ್ ಹಾಕಿಬಿಡು. ಒಂದು ಚುಕ್ಕೆ ಗೆರೆ ಬಿಟ್ಟು ದೂರ ಹೋಗಿದ್ದರೆ ಅಲ್ಲೇ ಮತ್ತೆ ಅಳೆಯಬಹುದು. ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಗೊತ್ತಾದರೆ ಆ ಚುಕ್ಕೆಯನ್ನು ರಬ್ಬರಿನಲ್ಲಿ ಜರುಗಿಸುವ ಆಸೆ ಹುಟ್ಟುತ್ತದೆ. ಎಕ್ಸಾಮಿನರುಗಳಿಗೆ ರಬ್ಬರಿನ ಗುರುತು ಚೆನ್ನಾಗಿ ಕಾಣಿಸುತ್ತದೆ, ನಾವೂ ಒಂದು ಕಾಲದಲ್ಲಿ ವಿದ್ಯಾರ್ಥಿಗಳಾಗಿದ್ದವರೇ.

ಮುಂದೆ ಇನ್ನೊಂದು ಗಲಾಟೆ ಬರುತ್ತದೆ, ಈಗಲೇ ಹೇಳಿಬಿಡ್ತೇನೆ. ಫಿಸಿಕ್ಸಿನವರು ಗ್ರೇಡಿಯೆಂಟ್, ಡೈವರ್ಜೆನ್ಸ್, ಕರ್ಲ್ ಅಂತ ಬಳಸಲು ಶುರು ಮಾಡುತ್ತಾರೆ. 'ಇದನ್ನು ಮ್ಯಾಥ್ಸಿನಲ್ಲಿ ಮಾಡ್ತಾರೆ' ಅಂತಾರೆ. ಮ್ಯಾಥ್ಸಿನವರನ್ನು ಕೇಳಿದರೆ 'ಅದು ಮುಂದಿನ ವರ್ಷ' ಅಂತಾರೆ. ನಡುವೆ ಸಿಕ್ಕವರು ಮಕ್ಕಳು. ನಾನು ಪ್ರತಿ ವರ್ಷ ಒಂದು ವಾರ ಫಿಸಿಕ್ಸ್ ನಿಲ್ಲಿಸಿ ಅದನ್ನೇ ಹೇಳಿಕೊಡುತ್ತಿದ್ದೆ. ಪಾರ್ಶಿಯಲ್ ಡಿರೈವೇಟಿವ್ ಅಂದರೆ ಒಂದನ್ನು ಅಲ್ಲಾಡಿಸು, ಉಳಿದದ್ದನ್ನು ಕದಲದ ಹಾಗೆ ಹಿಡಿದುಕೋ ಅಂತ. ಕಟ್ಟುನಿಟ್ಟಾಗಿ ಹೇಳಬೇಕು ಅಂತ ನಮ್ಮನೆಯವರ ತಕರಾರು. ಕಟ್ಟುನಿಟ್ಟು ಮುಂದಿನ ವರ್ಷ ಅವರೇ ಹೇಳಲಿ. ನಿಮ್ಮ ಕಾಲೇಜಿನಲ್ಲಿ ಯಾರೂ ಮಾಡದಿದ್ದರೆ ಎನ್‌ಪಿಟೆಲ್ ಅನ್ನುವ ಆನ್‌ಲೈನ್ ಪಾಠಗಳು ಪುಕ್ಕಟೆ ಸಿಗುತ್ತವೆ, ಐಐಟಿ ಮೇಷ್ಟ್ರುಗಳೇ ಮಾಡಿದ್ದು. ರಜೆಯಲ್ಲಿ ನೋಡಿಕೋ.

ಪ್ರಶ್ನೆ: ಐಸರ್, ಬೆಂಗಳೂರಿನ ಐಎಸ್‌ಐ, ಚೆನ್ನೈನ ಸಿಎಂಐ. ಮೂರರ ಪ್ರವೇಶ ಪರೀಕ್ಷೆ ಬರೆದಿದ್ದೇನೆ. ಸಿಕ್ಕರೆ ಯಾವುದಕ್ಕೆ ಹೋಗಲಿ? ಫಸ್ಟ್ ಇಯರ್ ಎಲ್ಲಿ ಸುಲಭ? (ಶಿವಮೊಗ್ಗ)

ಉತ್ತರ: ಸುಲಭ ಎಲ್ಲೂ ಇಲ್ಲ. ಸಿಕ್ಕರೆ ಹೋಗು, ಯೋಚನೆ ಬೇಡ.

ಗೊತ್ತಿಲ್ಲದವರಿಗೆ ಒಂದು ಮಾತು: ಐಸರ್ ಅಂದರೆ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಸಂಸ್ಥೆಗಳು, ಐಎಸ್‌ಐ ಅಂದರೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ, ಸಿಎಂಐ ಅಂದರೆ ಚೆನ್ನೈ ಗಣಿತ ಸಂಸ್ಥೆ. ವ್ಯತ್ಯಾಸ ಇಷ್ಟು. ಐಸರಿನದು ಐದು ವರ್ಷದ ಬಿಎಸ್-ಎಂಎಸ್. ಶುರುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ಎಲ್ಲವನ್ನೂ ಓದಿಸುತ್ತಾರೆ. ನಿರ್ಧಾರ ಆಮೇಲೆ. ನಿನಗೆ ಇನ್ನೂ ಗೊಂದಲ ಇದ್ದರೆ ಅದೇ ಸರಿ. ಪಿಯುನಲ್ಲಿ ಬಯಾಲಜಿ ಇರಲಿಲ್ಲ ಅಂದರೆ ಮೊದಲ ಸೆಮ್‌ನಲ್ಲಿ ಬೆವರು ಬರುತ್ತದೆ, ಅಷ್ಟೇ. ಐಎಸ್‌ಐ ಬೆಂಗಳೂರಿನ ಬಿ.ಮ್ಯಾಥ್ ಮೂರು ವರ್ಷ. ಅದು ಮ್ಯಾಥ್ಸನ್ನೇ ಉಸಿರಾಡುವವರಿಗೆ. ಫಿಸಿಕ್ಸ್ ಪೇಪರುಗಳೂ ಇವೆ ಅನ್ನೋದು ನನಗೆ ಖುಷಿ. ವಿದ್ಯಾರ್ಥಿ ವೇತನವನ್ನೂ ಕೊಡುತ್ತಾರೆ. ಸಿಎಂಐಯಲ್ಲಿ ಮ್ಯಾಥ್ಸ್ ಮತ್ತು ಫಿಸಿಕ್ಸ್ ಎರಡೂ ಸೇರಿದ ಬಿ.ಎಸ್ಸಿ ಆನರ್ಸ್ ಇದೆ. ನಿನ್ನ ಪ್ರಶ್ನೆ 'ಎರಡೂ ಬೇಕು' ಅಂತಾದರೆ ಹೆಸರಿನಲ್ಲೇ ಉತ್ತರ ಇದೆ.

ಐಎಸ್‌ಐಯ ಪ್ರವೇಶ ಪರೀಕ್ಷೆಯಲ್ಲಿ ವಿವರವಾಗಿ ಬರೆಯುವ ಪತ್ರಿಕೆ ನಿನಗೆ ಹೇಗೆ ಅನ್ನಿಸಿತು? ಪ್ರಶ್ನೆ ಕೆಲವೇ, ಯೋಚನೆಗೆ ಜಾಸ್ತಿ ಟೈಮ್. ಅದರಲ್ಲಿ ಒಂದೇ ಪ್ರಶ್ನೆ ಪೂರ್ತಿ ಮಾಡಿ ಸಂತೋಷಪಟ್ಟಿದ್ದರೆ ಅಲ್ಲಿಗೆ ಹೋಗು. ಸಿಟ್ಟು ಬಂದಿದ್ದರೆ ಐಸರ್.

ಯಾವುದೂ ಸಿಗದಿದ್ದರೆ ನಿಮ್ಮೂರಿನ ಸಹ್ಯಾದ್ರಿ ಕಾಲೇಜಿನ ಕಡೆ ನಡೆ, ಮನೆ ಹತ್ತಿರ. ಐಐಟಿ, ಐಐಎಸ್‌ಸಿಯ ಬಾಗಿಲು ಡಿಗ್ರಿ ಆದ ಮೇಲೆ ಜ್ಯಾಮ್ ಅನ್ನುವ ಪ್ರವೇಶ ಪರೀಕ್ಷೆಯಲ್ಲಿ ಮತ್ತೆ ತೆರೆಯುತ್ತದೆ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ನಮ್ಮ ಯೂನಿವರ್ಸಿಟಿ ಪರೀಕ್ಷೆಯ ಹಾಗೆ 'ವಿವರಿಸಿ' ಅಂತ ಕೇಳಲ್ಲ, ಉತ್ತರ ಬರಬೇಕು. ಎರಡನೇ ವರ್ಷದಿಂದಲೇ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಶುರು ಮಾಡು. ಮ್ಯಾಥ್ಸಿನವರಿಗೆ ಬೇಸಿಗೆಯಲ್ಲಿ ಎಂಟಿಟಿಎಸ್ ಅನ್ನುವ ಶಿಬಿರ 1993ರಿಂದ ನಡೀತಿದೆ. ನಾಲ್ಕು ವಾರ, ಬರೀ ಮ್ಯಾಥ್ಸ್, ಬಾಯಿಪಾಠಕ್ಕೆ ಜಾಗವೇ ಇಲ್ಲ. ಹೋಗಿ ಬಂದ ಮಕ್ಕಳು ಬೇರೆಯೇ ಥರ ಪ್ರಶ್ನೆ ಕೇಳುತ್ತಿದ್ದರು, ನಮ್ಮ ಸ್ಟಾಫ್ ರೂಮಿಗೆ ಸ್ವಲ್ಪ ಕಿರಿಕಿರಿ ಆಗುವಷ್ಟು. ಫಿಸಿಕ್ಸಿನವರಿಗೆ ಬೆಂಗಳೂರಿನ ನೆಹರು ತಾರಾಲಯದಲ್ಲಿ ವಾರಾಂತ್ಯದ ಕ್ಲಾಸುಗಳಿವೆ, ರೀಪ್ ಅಂತ. ಶಿವಮೊಗ್ಗದಿಂದ ವಾರ ವಾರ ಹೋಗೋದು ಕಷ್ಟ, ಗೊತ್ತು. ಬೆಂಗಳೂರಿನಲ್ಲಿ ಓದುವವರು ಯಾರಾದರೂ ಇದನ್ನು ಓದುತ್ತಿದ್ದರೆ ಬಿಡಬೇಡಿ.

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯು ಸೈನ್ಸ್ ಕಷ್ಟಪಟ್ಟು ಪಾಸಾದೆ. ಇಂಗ್ಲಿಷಿನಲ್ಲಿ ಉತ್ತರ ಬರೆಯೋದೇ ಭಯ. ಯಾವುದು ಸುಲಭ? (ಸಿಂಧನೂರು)

ಉತ್ತರ: ಇಂಗ್ಲಿಷ್ ಮಟ್ಟಿಗೆ ಮ್ಯಾಥ್ಸ್ ಸುಲಭ. ಅನುಮಾನವೇ ಬೇಡ. ಮ್ಯಾಥ್ಸ್ ಉತ್ತರಕ್ಕೆ ಬೇಕಾದದ್ದು ಮೂವತ್ತು ನಲವತ್ತು ಪದ. ಲೆಟ್, ಸಪೋಸ್, ಸಿನ್ಸ್, ಹೆನ್ಸ್, ಸಚ್ ದಟ್, ಇಫ್ ಅಂಡ್ ಓನ್ಲಿ ಇಫ್. ಒಂದು ತಿಂಗಳಲ್ಲಿ ಕೈಗೆ ಹತ್ತುತ್ತವೆ. ಫಿಸಿಕ್ಸಿನಲ್ಲಿ ಉಪಕರಣದ ವರ್ಣನೆ, ತತ್ತ್ವ, ಉಪಯೋಗ ಅಂತ ವಾಕ್ಯ ವಾಕ್ಯವಾಗಿ ಬರೆಯಬೇಕು. ಆದರೆ ಅಲ್ಲಿ ಚಿತ್ರ ನಿನ್ನ ಕೈ ಹಿಡಿಯುತ್ತದೆ. ಅಚ್ಚುಕಟ್ಟಾಗಿ ಚಿತ್ರ ಬರೆದು, ಭಾಗಗಳ ಹೆಸರು ಹಾಕಿ, ಸಮೀಕರಣಗಳನ್ನು ಸಾಲಾಗಿ ಇಳಿಸಿದರೆ ನಡುವಿನ ಇಂಗ್ಲಿಷ್ ಎಡವಿದರೂ ಯಾವ ಮೌಲ್ಯಮಾಪಕರೂ ಪೆನ್ನು ಎತ್ತಲ್ಲ. ನಾನಂತೂ ಎತ್ತಿಲ್ಲ.

ಯೋಚನೆ ಮಾಡುವಾಗ ಕನ್ನಡದಲ್ಲೇ ಮಾಡು. ರಫ್ ಪುಸ್ತಕದಲ್ಲಿ ಕನ್ನಡದಲ್ಲೇ ವಾದಿಸು. ಕೊನೆಗೆ ಇಂಗ್ಲಿಷಿಗೆ ಇಳಿಸು. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದವರಿಗಿಂತ ಹೀಗೆ ಮಾಡಿದವರು ಮೂರನೇ ವರ್ಷದ ಹೊತ್ತಿಗೆ ಮುಂದೆ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಪ್ರಶ್ನೆ: ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಸಂಜೆ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡ್ತೇನೆ. ಬಿ.ಎಸ್ಸಿ ಸಾಧ್ಯವಾ? (ಚನ್ನರಾಯಪಟ್ಟಣ)

ಉತ್ತರ: ಸಾಧ್ಯ. ಆದರೆ ಎರಡು ವೆಟ್ ಲ್ಯಾಬ್ ಇರುವ ಪಿಸಿಎಂ ಬೇಡ. ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್ ನೋಡು, ರೆಕಾರ್ಡಿನ ಕೆಲಸ ಕಡಿಮೆ. 'ವೆಟ್ ಲ್ಯಾಬ್ ಅಂದರೆ ಕೆಮಿಸ್ಟ್ರಿ, ಫಿಸಿಕ್ಸ್ ಲ್ಯಾಬಿನಲ್ಲಿ ಎಲ್ಲಿದೆ ನೀರು?' ಅಂತ ನಮ್ಮನೆಯವರು ಇಲ್ಲಿ ಗೀಟು ಹಾಕಿದ್ದಾರೆ. ಸರಿ, ಎರಡು ಲ್ಯಾಬ್ ಅಂತ ಓದಿಕೋ. ಮೆಡಿಕಲ್ ಶಾಪಿನವರಿಗೆ ಮೊದಲೇ ಹೇಳಿಡು: ಲ್ಯಾಬ್ ದಿನ ಆರು ಗಂಟೆಗೆ ಮುಂಚೆ ಬರಲಾಗಲ್ಲ, ಪ್ರಾಕ್ಟಿಕಲ್ ಪರೀಕ್ಷೆ ವಾರ ರಜೆ ಬೇಕು. ಶೇಕಡಾ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ. ಪ್ರಿನ್ಸಿಪಾಲರನ್ನು ಸೆಮಿಸ್ಟರ್ ಕೊನೆಗೆ ಹೋಗಿ ಬೇಡಿಕೊಳ್ಳಬೇಡ, ಮೊದಲ ವಾರವೇ ಹೋಗಿ ಪರಿಸ್ಥಿತಿ ಹೇಳು. ಬ್ಯಾಚ್ ಬದಲಾಯಿಸಿ ಕೊಡೋದು ಲ್ಯಾಬ್ ಅಟೆಂಡರ್ ಕೈಯಲ್ಲೂ ಸ್ವಲ್ಪ ಇರುತ್ತೆ, ಅವರ ಹತ್ತಿರವೂ ಮಾತಾಡು.